ನಮ್ಮ ಹುಡುಗ ತಪ್ಪು ಮಾಡಿದಾಗ

(ಜುಮಾ ಖುತ್ಬಾದ ಸಾರಾಂಶ)

ಸರ್ವ ಸ್ತುತಿಯೂ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬದವರ ಮೇಲೆ, ಸಹಾಬಿಗಳ ಮೇಲೆ ಅಲ್ಲಾಹನ ಕೃಪೆ ಮತ್ತು ಶಾಂತಿ ಇರಲಿ.

ಮೊದಲು ನಮಗೆ ನಾವೇ, ಬಳಿಕ ನಿಮಗೆ, ತಕ್ವಾ ಪಾಲಿಸುವಂತೆ ಉಪದೇಶಿಸುತ್ತೇವೆ.

ಇವತ್ತು ಫುಟ್ಬಾಲ್ ವಿಷಯ ಮಾತಾಡುತ್ತೇವೆ. ಹಿಂದಿನ ಸಾಲಿನ ಹುಡುಗರು ತಲೆ ಎತ್ತಿದ್ದು ಮಿಂಬರ್‌ನಿಂದ ಕಾಣುತ್ತಿದೆ. ಮುಂದಿನ ಸಾಲಿನ ಒಂದಿಬ್ಬರು ಹಿರಿಯರು ಹುಬ್ಬು ಗಂಟಿಕ್ಕಿದ್ದೂ ಕಾಣುತ್ತಿದೆ. ಮಸ್ಜಿದ್‌ನಲ್ಲಿ ಚೆಂಡಿನ ಮಾತೇಕೆ ಎಂದು ನೀವು ಕೇಳಬಹುದು. ಶಿರೂರು, ಬೈಂದೂರು, ಗಂಗೊಳ್ಳಿ, ಕುಂದಾಪುರ, ಕೋಡಿ, ಅಲ್ಲಿಂದ ಬ್ರಹ್ಮಾವರದವರೆಗೆ ನಮ್ಮ ಮಕ್ಕಳು ಅಸರ್ ಆದ ಮೇಲೆ ಎಲ್ಲಿರುತ್ತಾರೆ ಎಂದು ನಿಮಗೆ ಗೊತ್ತು. ಮಳೆಗಾಲದಲ್ಲಿ ಸಮುದ್ರದ ದಂಡೆಯಲ್ಲಿ, ಕೊಯ್ಲು ಮುಗಿದ ಮೇಲೆ ಗದ್ದೆಯಲ್ಲಿ. 2022ರಲ್ಲಿ ಕತಾರ್‌ನಲ್ಲಿ ವಿಶ್ವಕಪ್ ನಡೆದಾಗ ಅಲ್ಲಿ ದುಡಿಯುತ್ತಿರುವ ನಮ್ಮ ಅಣ್ಣತಮ್ಮಂದಿರು ಕಳಿಸಿದ ಫೋಟೋಗಳನ್ನು ಇಲ್ಲಿ ಅಜ್ಜಿಯಂದಿರೂ ನೋಡಿದರು. ಮಕ್ಕಳ ಮನಸ್ಸು ಎಲ್ಲಿದೆಯೋ ಅಲ್ಲಿಗೆ ಉಪದೇಶವೂ ಹೋಗಬೇಕು.

ಆಟವನ್ನು ನಾವು ದೂರುತ್ತಿಲ್ಲ. ನಮಾಝಿನ ಸಮಯ ತಪ್ಪದಿದ್ದರೆ, ಜೂಜು ಸೇರದಿದ್ದರೆ, ಬಾಯಿ ಹೊಲಸಾಗದಿದ್ದರೆ, ಮೈ ಗಟ್ಟಿಯಾಗುವ ಆಟ ಒಳ್ಳೆಯದೇ. ನಮ್ಮ ಪ್ರಶ್ನೆ ಬೇರೆ. ಪಂದ್ಯ ಮುಗಿದಿದೆ, ಸೀಟಿ ಊದಿಯಾಗಿದೆ, ಎಲ್ಲರೂ ಮನೆಗೆ ಹೋಗಿದ್ದಾರೆ. ಎರಡು ದಿನ ಕಳೆದು ಸಮಿತಿ ಕೂತು ವಿಡಿಯೋ ನೋಡಿ, ಇಂಥ ಆಟಗಾರ ತಪ್ಪು ಮಾಡಿದ್ದಾನೆ, ಇಷ್ಟು ಪಂದ್ಯ ಆಡಬಾರದು ಎಂದು ನಿಷೇಧ ಹಾಕುತ್ತದೆ. ಆ ಆಟಗಾರ ನಮ್ಮವನಾಗಿದ್ದರೆ ನಾವು ಏನು ಮಾಡುತ್ತೇವೆ? ಇವತ್ತಿನ ಮಾತು ಇಷ್ಟೇ.

ದೂರದ ಎರಡು ಪ್ರಕರಣಗಳು

2014ರ ಜೂನ್ 24ರಂದು ಬ್ರೆಜಿಲ್ ದೇಶದ ನಟಾಲ್ ನಗರದಲ್ಲಿ ವಿಶ್ವಕಪ್ ಪಂದ್ಯ. ಉರುಗ್ವೆ ಮತ್ತು ಇಟಲಿ. ಉರುಗ್ವೆಯ ಲೂಯಿಸ್ ಸುವಾರೆಝ್ ಇಟಲಿಯ ಕಿಯೆಲ್ಲಿನಿಯ ಭುಜಕ್ಕೆ ಹಲ್ಲಿನಿಂದ ಕಚ್ಚಿದರು. ರೆಫರಿ ನೋಡಲಿಲ್ಲ. ಕಾರ್ಡ್ ಇಲ್ಲ, ಫೌಲ್ ಇಲ್ಲ. ಕಿಯೆಲ್ಲಿನಿ ಅಂಗಿ ಎಳೆದು ಗುರುತು ತೋರಿಸಿದರೂ ಆಟ ಮುಂದುವರಿಯಿತು, ಉರುಗ್ವೆ 1-0ರಿಂದ ಗೆದ್ದಿತು. ಆದರೆ ಕ್ಯಾಮೆರಾ ನೋಡಿತ್ತು. ಎರಡು ದಿನದಲ್ಲಿ ಫಿಫಾ ತೀರ್ಪು ಕೊಟ್ಟಿತು: 9 ಅಂತಾರಾಷ್ಟ್ರೀಯ ಪಂದ್ಯಗಳ ನಿಷೇಧ, 4 ತಿಂಗಳು ಫುಟ್ಬಾಲಿನ ಯಾವ ಚಟುವಟಿಕೆಯೂ ಇಲ್ಲ, ಒಂದು ಲಕ್ಷ ಸ್ವಿಸ್ ಫ್ರಾಂಕ್ ದಂಡ. ಕಚ್ಚಿದ್ದಕ್ಕೆ ಅವರಿಗೆ ಶಿಕ್ಷೆಯಾಗಿದ್ದು ಅದು ಮೂರನೆಯ ಸಲ.

ಅಭಿಮಾನಿಗಳು ಏನು ಮಾಡಿದರು? ಉರುಗ್ವೆಯಲ್ಲಿ ಅನೇಕರು ಇದು ಯುರೋಪಿನವರ ಸಂಚು ಎಂದರು, ಸಣ್ಣ ದೇಶವನ್ನು ತುಳಿಯುತ್ತಿದ್ದಾರೆ ಎಂದರು. ಅವರು ಊರಿಗೆ ಮರಳಿದಾಗ ಜನ ವಿಮಾನ ನಿಲ್ದಾಣದಲ್ಲಿ ಕಾದು ನಿಂತರು. ಕಚ್ಚಿಸಿಕೊಂಡವನ ಭುಜದ ಬಗ್ಗೆ ಆ ಗುಂಪಿನಲ್ಲಿ ಎಷ್ಟು ಜನ ಯೋಚಿಸಿದ್ದರು?

ಅದೇ ಆಟಗಾರನ ಇನ್ನೊಂದು ಪ್ರಕರಣ. 2011ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡ್‌ನ ಪಂದ್ಯವೊಂದರಲ್ಲಿ ಪ್ಯಾಟ್ರಿಸ್ ಎವ್ರಾ ಎಂಬ ಆಟಗಾರನಿಗೆ ಮೈಬಣ್ಣ ಹಿಡಿದು ನಿಂದಿಸಿದರು ಎಂಬ ದೂರು. ಡಿಸೆಂಬರ್‌ನಲ್ಲಿ ವಿಚಾರಣೆಯಾಗಿ 8 ಪಂದ್ಯಗಳ ನಿಷೇಧ ಬಂತು. ಮರುದಿನವೇ ಅವರ ತಂಡವಾದ ಲಿವರ್‌ಪೂಲ್‌ನ ಆಟಗಾರರು ಅವರ ಚಿತ್ರವಿರುವ ಅಂಗಿ ತೊಟ್ಟು ಮೈದಾನದಲ್ಲಿ ಅಭ್ಯಾಸ ಮಾಡಿದರು. ಅಭಿಮಾನಿಗಳು ಚಪ್ಪಾಳೆ ತಟ್ಟಿದರು. ಆ ಅಂಗಿ ತೊಟ್ಟವರಲ್ಲಿ ಒಬ್ಬರಾದ ಜೇಮಿ ಕ್ಯಾರಗರ್ 2019ರಲ್ಲಿ, ಸುಮಾರು ಎಂಟು ವರ್ಷಗಳ ಬಳಿಕ, ಟಿವಿಯಲ್ಲಿ ಎವ್ರಾ ಎದುರೇ ಕೂತು, ನಾವು ಮಾಡಿದ್ದು ತಪ್ಪು ಎಂದು ಕ್ಷಮೆ ಕೇಳಿದರು. ಒಂದು ಅಂಗಿ ತೊಡಲು ಒಂದು ನಿಮಿಷ ಸಾಕಾಯಿತು. ಅದು ತಪ್ಪೆಂದು ಹೇಳಲು ಎಂಟು ವರ್ಷ ಬೇಕಾಯಿತು.

ನಮ್ಮ ರಾಜ್ಯದ ಮೈದಾನದಲ್ಲಿ

ದೂರದ ಮಾತು ಬಿಡಿ. 2023ರ ಮಾರ್ಚ್ 3, ಬೆಂಗಳೂರಿನ ಕಂಠೀರವ ಕ್ರೀಡಾಂಗಣ. ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ನಡುವೆ ಐಎಸ್‌ಎಲ್ ನಾಕೌಟ್ ಪಂದ್ಯ. ನಮ್ಮ ಹುಡುಗರಲ್ಲೂ ಎರಡು ಪಕ್ಷ. ಬೆಂಗಳೂರಿನಲ್ಲಿ ಓದುವವರು, ದುಡಿಯುವವರು ನೀಲಿ. ಕಾಸರಗೋಡು, ಕೇರಳದ ಕಡೆ ಸಂಬಂಧ ಇರುವವರು ಹಳದಿ. ಹೆಚ್ಚುವರಿ ಸಮಯದ 96ನೇ ನಿಮಿಷದಲ್ಲಿ ಫ್ರೀ ಕಿಕ್ ಸಿಕ್ಕಿತು. ಕೇರಳದ ಗೋಲ್‌ಕೀಪರ್ ಇನ್ನೂ ಗೋಡೆ ನಿಲ್ಲಿಸುತ್ತಿದ್ದಾಗ ಸುನಿಲ್ ಛೇಟ್ರಿ ಚೆಂಡನ್ನು ಗೋಲಿಗೆ ಹೊಡೆದರು. ರೆಫರಿ ಗೋಲು ಎಂದರು. ಕೇರಳದ ಕೋಚ್ ಇವಾನ್ ವುಕೊಮನೊವಿಚ್ ಒಪ್ಪದೆ ತಮ್ಮ ಆಟಗಾರರನ್ನೆಲ್ಲ ಮೈದಾನದಿಂದ ಹೊರಗೆ ಕರೆದರು. ತಂಡ ವಾಪಸ್ ಬರಲಿಲ್ಲ. ಪಂದ್ಯ ಬೆಂಗಳೂರಿಗೆ ಹೋಯಿತು.

ಆ ತಿಂಗಳ ಕೊನೆಯಲ್ಲಿ ಅಖಿಲ ಭಾರತ ಫುಟ್ಬಾಲ್ ಫೆಡರೇಶನ್‌ನ ಶಿಸ್ತು ಸಮಿತಿ ಕ್ಲಬ್‌ಗೆ 4 ಕೋಟಿ ರೂಪಾಯಿ ದಂಡ ಹಾಕಿತು. ಕೋಚ್‌ಗೆ 10 ಪಂದ್ಯಗಳ ನಿಷೇಧ, 5 ಲಕ್ಷ ರೂಪಾಯಿ ದಂಡ. ಸಾರ್ವಜನಿಕವಾಗಿ ಕ್ಷಮೆ ಕೇಳಬೇಕು, ಕೇಳದಿದ್ದರೆ ದಂಡ ಇನ್ನೂ ಹೆಚ್ಚು. ಏಪ್ರಿಲ್ ಆರಂಭದಲ್ಲಿ ಕ್ಲಬ್ಬೂ ಕೋಚೂ ಕ್ಷಮೆ ಕೇಳಿದರು. ಮೇಲ್ಮನವಿ ಹಾಕಿದರು, ಅದು ತಿರಸ್ಕೃತವಾಯಿತು. ನಿಷೇಧ ಮುಗಿಸಿ ಅಕ್ಟೋಬರ್‌ನಲ್ಲಿ ಅವರು ಕೊಚ್ಚಿಯ ಮೈದಾನಕ್ಕೆ ಮರಳಿದಾಗ ಅಭಿಮಾನಿಗಳು ವೀರನನ್ನು ಸ್ವಾಗತಿಸುವಂತೆ ಸ್ವಾಗತಿಸಿದರು.

ಆ ಗೋಲು ಸರಿಯೇ ತಪ್ಪೇ ಎಂದು ತೀರ್ಮಾನಿಸುವುದು ಈ ಮಿಂಬರ್‌ನ ಕೆಲಸವಲ್ಲ. ತಮಗೆ ಅನ್ಯಾಯವಾಯಿತು ಎಂದು ಅವರಿಗೆ ನಿಜವಾಗಿಯೂ ಅನಿಸಿರಬಹುದು. ನಾವು ಗಮನಿಸಬೇಕಾದದ್ದು ಎರಡು. ಅನ್ಯಾಯವಾಗಿದೆ ಎಂದ ಮಾತ್ರಕ್ಕೆ ಎಲ್ಲ ನಿಯಮ ಬಿಟ್ಟು ಎದ್ದು ಹೋಗುವ ಹಕ್ಕು ಯಾರಿಗೂ ಬರುವುದಿಲ್ಲ. ಇನ್ನೊಂದು, ಕೋಚ್ ಸ್ವತಃ ಕ್ಷಮೆ ಕೇಳಿದ ಮೇಲೂ ಅವರದು ತಪ್ಪೇ ಅಲ್ಲ ಎಂದು ವಾದ ಮಾಡುವವರು ಇದ್ದರು. ತಪ್ಪು ಮಾಡಿದವನು ಒಪ್ಪಿಕೊಂಡರೂ ಅವನ ಬೆಂಬಲಿಗ ಒಪ್ಪುವುದಿಲ್ಲ. ಅಭಿಮಾನ ಎಂಬುದು ಇಷ್ಟು ಕುರುಡು.

ನಮ್ಮ ಗದ್ದೆಯ ಮಾತು

ಈಗ ನಮ್ಮ ಮನೆಯ ಮಾತು. ಯಾವ ಊರು, ಯಾವ ತಂಡ ಎಂದು ಹೇಳುವುದಿಲ್ಲ. ಹೇಳಿದರೆ ಖುತ್ಬಾವೇ ಗೀಬತ್ ಆಗುತ್ತದೆ. ಗೊತ್ತಿರುವವರು ಪಕ್ಕದವರಿಗೆ ಪಿಸುಗುಟ್ಟಬೇಡಿ.

ಕೆಲವು ತಿಂಗಳ ಹಿಂದೆ ಗದ್ದೆಯಲ್ಲಿ ರಾತ್ರಿ ಸೆವೆನ್ಸ್ ಪಂದ್ಯಾವಳಿ ನಡೆಯಿತು. ಎಲ್ಲ ಧರ್ಮದವರೂ ಸೇರಿ ಮಾಡಿದ ಸಮಿತಿ. ನಮ್ಮ ಜಮಾಅತಿನ ಒಬ್ಬ ಹುಡುಗ, ಚೆಂಡು ಇನ್ನೊಂದು ತುದಿಯಲ್ಲಿದ್ದಾಗ, ಎದುರು ತಂಡದ ಹುಡುಗನ ಕಾಲಿಗೆ ಹಿಂದಿನಿಂದ ಒದ್ದ. ರೆಫರಿಯ ಕಣ್ಣು ಚೆಂಡಿನ ಮೇಲಿತ್ತು. ಆ ಹುಡುಗ ಬಿದ್ದ. ಕಾಲು ಉಳುಕಿದೆ ಎಂದು ಹೊರಗೆ ಎತ್ತಿಕೊಂಡು ಹೋದರು. ನಮ್ಮ ತಂಡ ಗೆದ್ದಿತು. ಎರಡು ದಿನ ಬಿಟ್ಟು ಯಾರೋ ಮೊಬೈಲ್‌ನಲ್ಲಿ ತೆಗೆದ ವಿಡಿಯೋವನ್ನು ಸಮಿತಿ ನೋಡಿತು. ಸೀಸನ್ ಮುಗಿಯುವ ತನಕ ನಮ್ಮ ಹುಡುಗ ಆಡುವಂತಿಲ್ಲ ಎಂದು ತೀರ್ಮಾನವಾಯಿತು.

ಅವತ್ತು ರಾತ್ರಿಯೇ ವಾಟ್ಸಾಪ್ ಗ್ರೂಪು ಹೊತ್ತಿಕೊಂಡಿತು. ಅದರಲ್ಲಿ ಬಂದ ಮಾತುಗಳು ಮೂರು ಬಗೆಯವು. ಒಂದು, "ರೆಫ್ರಿ ಕಂಡದ್ದೇ ಇಲ್ಲ, ಇವ್ರಿಗೆ ಎಂತಕ್ಕೆ? ಮ್ಯಾಚ್ ಮುಗೀತಲ್ದಾ?" ಎರಡು, "ಅವ ಮೊದ್ಲು ಬೈದದ್ದಕ್ಕೆ ಅಲ್ದಾ ಇವ ಒದ್ದದ್ದು?" ಮೂರು, "ನಮ್ಮ ಹುಡುಗ ಅಂತ್ಲೇ ಬ್ಯಾನ್ ಮಾಡಿದ್ರ್." ಮೂರನೆಯ ಮಾತು ಬಂದ ಮೇಲೆ ಗ್ರೂಪಿನಲ್ಲಿ ಬೇರೆ ಮಾತೇ ಇರಲಿಲ್ಲ. ಏಕೆಂದರೆ ಪೆಟ್ಟು ತಿಂದ ಹುಡುಗ ನಮ್ಮ ಧರ್ಮದವನಲ್ಲ.

ಮರುದಿನ ಹುಡುಗನ ತಂದೆ ನಮ್ಮ ಬಳಿ ಬಂದರು. "ಉಸ್ತಾದ್, ನೀವು ಒಂದು ಮಾತು ಹೇಳಿದರೆ ಸಮಿತಿಯವರು ಕೇಳುತ್ತಾರೆ. ಮಗ ಊಟ ಬಿಟ್ಟಿದ್ದಾನೆ" ಎಂದರು. ಅವರ ಮುಖ ನೋಡಿ ನಮಗೆ ಕನಿಕರ ಬಂತು. ಅವರ ಎದುರೇ ಸಮಿತಿಯ ಒಬ್ಬರಿಗೆ ಫೋನ್ ಮಾಡಿ, ಹುಡುಗರ ಆಟ, ಸ್ವಲ್ಪ ನೋಡಿ ಬಿಟ್ಟುಬಿಡಿ ಎಂದೆವು. ಆ ಕಡೆಯವರು ತುಂಬ ಗೌರವದಿಂದ ಮಾತಾಡಿದರು. ಕೊನೆಗೆ ಒಂದೇ ಪ್ರಶ್ನೆ ಕೇಳಿದರು: "ನೀವು ವಿಡಿಯೋ ನೋಡಿದ್ದೀರಾ?"

ನಾವು ನೋಡಿರಲಿಲ್ಲ. ಸುದ್ದಿ ಬಂದಾಗ ಪರಿಶೀಲಿಸಿ ನೋಡಿ ಎಂಬ ಸೂರಃ ಅಲ್‌ಹುಜುರಾತ್‌ನ 6ನೇ ವಚನವನ್ನು ಎಷ್ಟು ಸಲ ಈ ಮಿಂಬರ್‌ನಿಂದ ನಿಮಗೆ ವಿವರಿಸಿದ್ದೇವೆ. ಆದರೆ ಕನಿಕರ ಬಂದ ಕ್ಷಣ ನಾವೇ ಅದನ್ನು ಮರೆತೆವು. ಇದನ್ನು ನಿಮ್ಮೆಲ್ಲರ ಮುಂದೆ ಹೇಳುವುದು ನಮ್ಮ ಮೇಲಿರುವ ಸಾಲ.

ಮೂರು ಮಾತುಗಳಿಗೆ ಉತ್ತರ

ರೆಫರಿ ನೋಡಲಿಲ್ಲ, ಹಾಗಾಗಿ ಮುಗಿಯಿತು ಎಂಬುದು ಮೊದಲ ಮಾತು. ಸಹೋದರರೇ, ಈ ಮಾತನ್ನು ಒಬ್ಬ ಸತ್ಯವಿಶ್ವಾಸಿ ಹೇಳಲು ಸಾಧ್ಯವೇ? ಅಣುವಿನಷ್ಟು ಒಳಿತು ಮಾಡಿದವನೂ ಅದನ್ನು ಕಾಣುವನು, ಅಣುವಿನಷ್ಟು ಕೆಡುಕು ಮಾಡಿದವನೂ ಅದನ್ನು ಕಾಣುವನು ಎಂದು ಸೂರಃ ಅಝ್ಝಿಲ್‌ಝಾಲ್ ಕಲಿಸುತ್ತದೆ. ಇದನ್ನು ನಮ್ಮ ಮದ್ರಸದ ಸಣ್ಣ ಮಕ್ಕಳೂ ಬಾಯಿಪಾಠ ಹೇಳುತ್ತಾರೆ. ಆ ದಿನ ಬಾಯಿಗೆ ಮುದ್ರೆ ಬಿದ್ದು ಕೈಗಳು ಮಾತಾಡುತ್ತವೆ, ಕಾಲುಗಳು ಸಾಕ್ಷಿ ಹೇಳುತ್ತವೆ ಎಂದು ಸೂರಃ ಯಾಸೀನ್‌ನಲ್ಲಿದೆ. ಒದ್ದ ಕಾಲೇ ಸಾಕ್ಷಿಯಾದರೆ ರೆಫರಿ ನೋಡಿದರೇನು, ನೋಡದಿದ್ದರೇನು? ತಡವಾಗಿ ಬಂದ ತೀರ್ಪು ತೀರ್ಪೇ ಅಲ್ಲ ಎನ್ನುವವನು ಪರಲೋಕದ ವಿಚಾರಣೆಯನ್ನು ಹೇಗೆ ನಂಬುತ್ತಾನೆ? ಅಲ್ಲಿ ಎಲ್ಲ ತೀರ್ಪೂ ಆಟ ಮುಗಿದ ಮೇಲಿನದೇ. ಇಲ್ಲಿ ಈ ಲೋಕದಲ್ಲೇ ವಿಡಿಯೋ ಸಿಕ್ಕಿ ಶಿಕ್ಷೆಯಾಯಿತು ಎಂದರೆ ಅದು ಆ ಹುಡುಗನಿಗೆ ಅಲ್ಲಾಹನ ಕೃಪೆ. ಲೆಕ್ಕ ಇಲ್ಲೇ ಸರಿಮಾಡಿಕೊಳ್ಳುವ ಅವಕಾಶ ಸಿಕ್ಕಿತು.

ಎರಡನೆಯ ಮಾತು, ಅವನು ಮೊದಲು ಬೈದ. ಇಲ್ಲಿ ನಮಗೆಲ್ಲ ನೆನಪಾಗುವುದು 2006ರ ವಿಶ್ವಕಪ್ ಫೈನಲ್, ಝೈನುದ್ದೀನ್ ಝಿದಾನ್. ಅಲ್ಜೀರಿಯದಿಂದ ಫ್ರಾನ್ಸ್‌ಗೆ ವಲಸೆ ಹೋದ ಕುಟುಂಬದ ಮಗ. ಇಟಲಿಯ ಮತೆರಾಝಿ ಅವರ ಮನೆಯವರ ಬಗ್ಗೆ ಕೆಟ್ಟ ಮಾತು ಆಡಿದಾಗ ಝಿದಾನ್ ತಲೆಯಿಂದ ಅವರ ಎದೆಗೆ ಗುದ್ದಿದರು, ಕೆಂಪು ಕಾರ್ಡ್ ಸಿಕ್ಕಿತು. ನಮ್ಮ ಮೊಹಲ್ಲಾಗಳಲ್ಲಿ ಆಗ ಎಲ್ಲರೂ ಝಿದಾನ್ ಕಡೆ. ನಾವೂ ಆಗ ಯುವಕರು, ನಾವೂ ಅದೇ ಕಡೆ. ಹೆಸರು ನಮ್ಮದಲ್ಲವೇ? ಆದರೆ ಆ ತಿಂಗಳೇ ಫಿಫಾ ವಿಚಾರಣೆ ನಡೆಸಿ ಇಬ್ಬರಿಗೂ ಶಿಕ್ಷೆ ಕೊಟ್ಟಿತು. ಝಿದಾನ್‌ಗೆ 3 ಪಂದ್ಯ. ಮೈದಾನದಲ್ಲಿ ಯಾವ ಕಾರ್ಡೂ ಸಿಗದೆ ಪಾರಾಗಿದ್ದ ಮತೆರಾಝಿಗೆ, ಕೆಣಕಿದ್ದಕ್ಕಾಗಿ, 2 ಪಂದ್ಯ. ನೋಡಿ, ಬೈದವನ ತಪ್ಪು ಬೈದವನಿಗೆ, ಹೊಡೆದವನ ತಪ್ಪು ಹೊಡೆದವನಿಗೆ. ಒಬ್ಬನ ಹೊರೆಯನ್ನು ಇನ್ನೊಬ್ಬ ಹೊರುವುದಿಲ್ಲ ಎಂಬುದು ಕುರ್‌ಆನ್ ಮತ್ತೆ ಮತ್ತೆ ಹೇಳುವ ತತ್ವ. ಝಿದಾನ್ ಕೂಡ ಟಿವಿಯಲ್ಲಿ ಆ ದೃಶ್ಯ ನೋಡಿದ ಮಕ್ಕಳಲ್ಲಿ ಕ್ಷಮೆ ಕೇಳಿದರು. ಬೈದದ್ದು ನಿಜವಾದರೆ ಅದನ್ನೂ ಸಮಿತಿಗೆ ಹೇಳಿ. ಅದು ನಿಮ್ಮ ಹಕ್ಕು. ಆದರೆ ಅದನ್ನು ಒದ್ದದ್ದಕ್ಕೆ ಮುಚ್ಚಳ ಮಾಡಬೇಡಿ.

ಮೂರನೆಯ ಮಾತು ಎಲ್ಲಕ್ಕಿಂತ ಭಾರವಾದದ್ದು: ನಮ್ಮವನು ಎಂಬ ಕಾರಣಕ್ಕೇ ಶಿಕ್ಷೆ. ಹೆಸರು ಕೇಳಿ ತಾರತಮ್ಯ ಮಾಡುವವರು ಲೋಕದಲ್ಲಿ ಇಲ್ಲ ಎಂದು ನಾವು ಹೇಳುವುದಿಲ್ಲ. ಅಂಥದ್ದು ನಡೆದಾಗ ಪುರಾವೆ ಹಿಡಿದು, ಕಾನೂನಿನ ದಾರಿಯಲ್ಲಿ, ಧೈರ್ಯವಾಗಿ ಮಾತಾಡಬೇಕು. ಆದರೆ ಪ್ರತಿಯೊಂದು ತಪ್ಪಿಗೂ ಅದೇ ಮಾತನ್ನು ಗುರಾಣಿ ಮಾಡಿಕೊಂಡರೆ, ನಾಳೆ ನಿಜವಾದ ಅನ್ಯಾಯ ನಡೆದಾಗ ನಮ್ಮ ಮಾತನ್ನು ಯಾರು ನಂಬುತ್ತಾರೆ?

ಸೂರಃ ಅನ್ನಿಸಾದ 105ನೇ ವಚನದಿಂದ ಮುಂದಿನ ವಚನಗಳ ಹಿನ್ನೆಲೆಯನ್ನು ತಫ್ಸೀರ್ ಗ್ರಂಥಗಳು ವಿವರಿಸುತ್ತವೆ. ಮದೀನದಲ್ಲಿ ಇಬ್ನ್ ಉಬೈರಿಕ್ ಕುಟುಂಬದ ಒಬ್ಬ ವ್ಯಕ್ತಿ ಒಂದು ಮನೆಯಿಂದ ಯುದ್ಧಕವಚ ಕದ್ದ. ಸಿಕ್ಕಿಬೀಳುವ ಹಾಗಾದಾಗ ಅದನ್ನು ಒಬ್ಬ ಯಹೂದಿಯ ಮನೆಗೆ ಸಾಗಿಸಿ ಅಪವಾದವನ್ನು ಅವನ ತಲೆಗೆ ಕಟ್ಟಿದ. ಕದ್ದವನ ಕುಲದವರು ಗುಂಪಾಗಿ ಪ್ರವಾದಿ(ಸ)ರ ಬಳಿ ಬಂದು, ನಮ್ಮವನು ನಿರ್ದೋಷಿ, ಅವನ ಪರ ಮಾತಾಡಿ ಎಂದು ವಾದಿಸಿದರು. ಆಗ ಅಲ್ಲಾಹನು ವಚನಗಳನ್ನು ಅವತೀರ್ಣಗೊಳಿಸಿ, ವಂಚಕರ ಪರವಾಗಿ ವಾದಿಸುವವರಾಗಬೇಡಿ ಎಂದು ಆದೇಶಿಸಿದನು. ಮುಸ್ಲಿಮರೆಂದು ಕರೆಸಿಕೊಂಡ ಗುಂಪಿನ ವಿರುದ್ಧ, ಯಹೂದಿಯೊಬ್ಬನ ನಿರ್ದೋಷಿತ್ವಕ್ಕಾಗಿ ಬಂದ ವಚನಗಳನ್ನು ನಾವು ಇಂದಿಗೂ ನಮಾಝಿನಲ್ಲಿ ಓದುತ್ತೇವೆ. ಅಲ್ಲೇ 109ನೇ ವಚನದಲ್ಲಿ ಅಲ್ಲಾಹನು ಕೇಳುವ ಪ್ರಶ್ನೆಯ ಸಾರ ಹೀಗಿದೆ: ಇಹಲೋಕದಲ್ಲಿ ನೀವು ಇಂಥವರ ಪರ ವಾದಿಸಿದಿರಿ, ಆದರೆ ಅಂತ್ಯದಿನ ಅಲ್ಲಾಹನ ಮುಂದೆ ಅವರ ಪರ ವಾದಿಸುವವರು ಯಾರು? ವಾಟ್ಸಾಪ್‌ನಲ್ಲಿ ನೂರು ಸಂದೇಶ ಹಾಕಿದವರಲ್ಲಿ ಒಬ್ಬರಾದರೂ ಆ ದಿನ ಆ ಹುಡುಗನ ಪಕ್ಕ ನಿಲ್ಲುತ್ತಾರೆಯೇ?

ನ್ಯಾಯವನ್ನು ಎತ್ತಿಹಿಡಿಯಿರಿ, ಅದು ನಿಮಗೆ, ನಿಮ್ಮ ತಂದೆತಾಯಿಗೆ, ಬಂಧುಗಳಿಗೆ ವಿರುದ್ಧವಾದರೂ ಸರಿ ಎಂದು ಅದೇ ಸೂರಃದ 135ನೇ ವಚನ ಆಜ್ಞಾಪಿಸುತ್ತದೆ.

ಬೆಂಬಲ ಎಂದರೇನು?

ಹಾಗಾದರೆ ನಮ್ಮವನನ್ನು ಕೈಬಿಡಬೇಕೇ? ಇಲ್ಲ. ಅನಸ್(ರ) ವರದಿ ಮಾಡಿದ, ಸಹೀಹ್ ಬುಖಾರಿಯಲ್ಲಿರುವ ಹದೀಸ್ ನಿಮಗೆ ಗೊತ್ತು. ನಿನ್ನ ಸಹೋದರ ಪೀಡಕನಾಗಿರಲಿ, ಪೀಡಿತನಾಗಿರಲಿ, ಅವನಿಗೆ ನೆರವಾಗು ಎಂದು ಪ್ರವಾದಿ(ಸ) ಹೇಳಿದರು. ಪೀಡಿತನಿಗೆ ನೆರವಾಗುವುದು ಸರಿ, ಪೀಡಕನಿಗೆ ಹೇಗೆ ಎಂದು ಸಹಾಬಿಗಳು ಕೇಳಿದರು. ಅವನ ಕೈ ಹಿಡಿದು ತಡೆಯುವುದೇ ಅವನಿಗೆ ಮಾಡುವ ನೆರವು ಎಂದು ಪ್ರವಾದಿ(ಸ) ವಿವರಿಸಿದರು. ಅಭಿಮಾನಿ ಎಂದರೆ ಇದು, ಗೆಳೆಯ ಎಂದರೆ ಇದು. ತನ್ನ ಜನರನ್ನು ಪ್ರೀತಿಸುವುದು ಪಕ್ಷಪಾತವೇ ಎಂದು ಒಬ್ಬರು ಕೇಳಿದಾಗ, ಅಲ್ಲ, ತನ್ನ ಜನರಿಗೆ ಅನ್ಯಾಯದಲ್ಲಿ ನೆರವಾಗುವುದೇ ಪಕ್ಷಪಾತ ಎಂದು ಪ್ರವಾದಿ(ಸ) ಉತ್ತರಿಸಿದ್ದಾಗಿ ಇಬ್ನು ಮಾಜಃದಲ್ಲಿದೆ. ಪ್ರೀತಿಗೆ ಅಡ್ಡಿಯಿಲ್ಲ. ಪ್ರೀತಿ ಎಲ್ಲಿ ನಿಲ್ಲಬೇಕು ಎಂದು ಗೊತ್ತಿರಬೇಕು.

ಶಿಫಾರಸಿನ ಬಗ್ಗೆಯೂ ಒಂದು ಮಾತು. ಮಖ್ಝೂಮ್ ಗೋತ್ರದ ಪ್ರತಿಷ್ಠಿತ ಮನೆಯ ಹೆಂಗಸೊಬ್ಬಳು ಕಳವು ಮಾಡಿದಾಗ, ಪ್ರವಾದಿ(ಸ)ರಿಗೆ ಪ್ರಿಯರಾದ ಉಸಾಮ(ರ)ರನ್ನು ಅವಳ ಕಡೆಯವರು ಶಿಫಾರಸಿಗೆ ಕಳಿಸಿದರು. ಪ್ರವಾದಿ(ಸ)ರ ಮುಖ ಕೆಂಪಾಯಿತು. ಪ್ರತಿಷ್ಠಿತರು ತಪ್ಪು ಮಾಡಿದಾಗ ಬಿಟ್ಟು, ದುರ್ಬಲರು ಮಾಡಿದಾಗ ಶಿಕ್ಷಿಸಿದ್ದರಿಂದಲೇ ಹಿಂದಿನ ಜನಾಂಗಗಳು ನಾಶವಾದವು ಎಂದರು. ತಮ್ಮ ಮಗಳು ಫಾತಿಮಾ ಕದ್ದಿದ್ದರೂ ಇದೇ ತೀರ್ಪು ಎಂದರು. ಉಸಾಮ(ರ) ಕೂಡಲೇ ತಮಗಾಗಿ ಪಾಪಕ್ಷಮೆ ಬೇಡುವಂತೆ ಪ್ರವಾದಿ(ಸ)ರನ್ನು ಕೇಳಿಕೊಂಡರು. ಆ ಫೋನ್ ಇಟ್ಟ ರಾತ್ರಿ ನಮಗೆ ಈ ಹದೀಸ್ ನೆನಪಾಗಿ ನಿದ್ದೆ ಹತ್ತಲಿಲ್ಲ.

ಮರುದಿನ ವಿಡಿಯೋ ತರಿಸಿ ಆ ತಂದೆಯ ಜೊತೆ ಕೂತು ನೋಡಿದೆವು. ಮೂರು ಸಲ ನೋಡಿದೆವು. ಮೂರನೆಯ ಸಲ ಮುಗಿದಾಗ ತಂದೆ ಏನೂ ಹೇಳದೆ ಫೋನನ್ನು ಮಗುಚಿ ಇಟ್ಟರು. ಇಶಾ ನಮಾಝಿನ ಬಳಿಕ ಹುಡುಗ ತಾನೇ ಬಂದ. "ಉಸ್ತಾದ್, ಒದ್ದದ್ದು ಹೌದು. ಅವನು ಬೈದದ್ದೂ ಹೌದು. ಆದರೆ ಅವನು ಬೈದು ತುಂಬ ಹೊತ್ತಾಗಿತ್ತು. ರೆಫ್ರಿ ನೋಡುವುದಿಲ್ಲ ಅಂತ ಗೊತ್ತಾದ ಮೇಲೆ ಒದ್ದದ್ದು" ಎಂದ. ಇಷ್ಟು ಸತ್ಯ ಹೇಳಲು ಎಷ್ಟು ಧೈರ್ಯ ಬೇಕು ಎಂದು ಯೋಚಿಸಿ.

ನಾವು, ಹುಡುಗ, ಅವನ ತಂದೆ, ಜಮಾಅತಿನ ಇಬ್ಬರು ಹಿರಿಯರು ಪೆಟ್ಟು ತಿಂದ ಹುಡುಗನ ಮನೆಗೆ ಹೋದೆವು. ಕಾಲಿಗೆ ಪಟ್ಟಿ ಕಟ್ಟಿಕೊಂಡು ಜಗಲಿಯಲ್ಲಿ ಕೂತಿದ್ದ. ದಿನಗೂಲಿಯ ಹುಡುಗ, ಮೂರು ವಾರ ಕೆಲಸಕ್ಕೆ ಹೋಗಿರಲಿಲ್ಲ. ಆ ಮನೆಗೆ ಅವನ ಸಂಬಳವೇ ಆಧಾರ ಎಂಬುದು ನಮಗೆ ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು. ಗ್ರೂಪಿನಲ್ಲಿ ಅಷ್ಟು ಬರೆದವರಲ್ಲಿ ಒಬ್ಬರೂ ಅದನ್ನು ವಿಚಾರಿಸಿರಲಿಲ್ಲ. ನಾವೂ ವಿಚಾರಿಸಿರಲಿಲ್ಲ. ನಮ್ಮ ಹುಡುಗ ಕ್ಷಮೆ ಕೇಳಿದ. ಅವನ ತಂದೆ ಮೂರು ವಾರದ ಕೂಲಿಯ ಹಣವನ್ನು ಮುಂದಿಟ್ಟರು. ಆ ತಾಯಿ ಮೊದಲು ಬೇಡ ಎಂದರು, ಇದು ನಮ್ಮ ಮೇಲಿರುವ ಋಣ ಎಂದು ವಿವರಿಸಿದ ಮೇಲೆ ತೆಗೆದುಕೊಂಡರು. ಬೊಂಡ ಕೆತ್ತಿಸಿ ಕುಡಿಯಲು ಕೊಟ್ಟರು. "ಬರ್ಲಿಕ್ಕೆ ಇಷ್ಟ್ ದಿನ ಎಂತಕ್ಕೆ ಬೇಕಾಯ್ತ್?" ಎಂದು ಕೇಳಿದರು. ನಮ್ಮ ಬಳಿ ಉತ್ತರ ಇರಲಿಲ್ಲ.

ನಿಷೇಧ ಕಡಿಮೆಯಾಗಲಿಲ್ಲ. ಕಡಿಮೆ ಮಾಡಿ ಎಂದು ನಾವು ಕೇಳಲೂ ಇಲ್ಲ. ಸಮಿತಿಯವರಿಗೆ ಮತ್ತೆ ಫೋನ್ ಮಾಡಿ, ಹಿಂದಿನ ದಿನ ನಾವು ಆಡಿದ ಮಾತನ್ನು ಹಿಂತೆಗೆದುಕೊಂಡೆವು. ಹುಡುಗನ ಗೆಳೆಯರಲ್ಲಿ ಇಬ್ಬರು ಇವತ್ತಿಗೂ ನಮಗೆ ಸಲಾಂ ಹೇಳುವುದಿಲ್ಲ. ಅವರಿಗಾಗಿ ದುಆ ಮಾಡುತ್ತೇವೆ.

ಪ್ರವಾದಿ(ಸ) ಹೇಳಿದ ದಿವಾಳಿಯಾದವನ ಹದೀಸ್ ನೆನಪಿರಲಿ. ನಮಾಝ್, ಉಪವಾಸ, ಝಕಾತ್ ಎಲ್ಲ ಹೊತ್ತು ತಂದವನು, ಒಬ್ಬನಿಗೆ ಬೈದು, ಒಬ್ಬನಿಗೆ ಹೊಡೆದು ಬಂದಿದ್ದರೆ, ಅವನ ಪುಣ್ಯವನ್ನು ಅವರಿಗೆ ಹಂಚಲಾಗುವುದು. ಮನುಷ್ಯರ ಹಕ್ಕು ಅಂಥದ್ದು. ತೌಬಾ ಮಾಡಿದರೆ ಸಾಲದು, ಆ ಮನುಷ್ಯನ ಮನೆ ಬಾಗಿಲಿಗೆ ಹೋಗಬೇಕು. ಸುವಾರೆಝ್ ಮೊದಲು ಆಯತಪ್ಪಿ ಮೇಲೆ ಬಿದ್ದೆ ಎಂದರು. ವಾರದೊಳಗೆ ಕಿಯೆಲ್ಲಿನಿಯ ಕ್ಷಮೆ ಕೇಳಿದರು. ಕಿಯೆಲ್ಲಿನಿ, ಎಲ್ಲ ಮರೆತೆ, ಶಿಕ್ಷೆ ಕಡಿಮೆಯಾಗಲಿ ಎಂದರು. ಸಂಚು ಸಂಚು ಎಂದು ಕೂಗಿದ ಅಭಿಮಾನಿಗಳಿಂದ ಆಗದ್ದು ಒಂದು ಕ್ಷಮಾಯಾಚನೆಯಿಂದ ಆಯಿತು.

ಶಿಕ್ಷೆ ಕೊಡುವವರಿಗೂ ಒಂದು ಮಾತು

ಸಮಿತಿಗಳಲ್ಲಿ ಇರುವ ನಮ್ಮ ಯುವಕರೇ, ನಿಷೇಧ ಹಾಕುವ ಮೊದಲು ಆ ಆಟಗಾರನನ್ನು ಕರೆದು ಕೇಳಿ. ಇನ್ನೊಬ್ಬನ ಮಾತು ಕೇಳುವ ತನಕ ತೀರ್ಪು ಕೊಡಬೇಡ ಎಂದು ಪ್ರವಾದಿ(ಸ) ಅಲೀ(ರ)ರಿಗೆ ಕಲಿಸಿದ್ದರು. ನಾಳೆ ಎದುರು ತಂಡದವನು ಇದೇ ತಪ್ಪು ಮಾಡಿದರೆ ಇದೇ ಅಳತೆ ಇರಲಿ. ದೊಡ್ಡ ಆಟಗಾರನಿಗೊಂದು, ಬದಲಿ ಆಟಗಾರನಿಗೊಂದು ಆಗಬಾರದು. ಶಿಕ್ಷೆಗೆ ಕೊನೆ ಎಂಬುದೂ ಇರಲಿ.

ನಮ್ಮ ಕರಾವಳಿಯವರಿಗೆ ನಿಷೇಧ ಹೊಸದಲ್ಲ. ಪ್ರತಿವರ್ಷ ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಬೋಟುಗಳು ಸಮುದ್ರಕ್ಕೆ ಇಳಿಯುವುದಿಲ್ಲ. ಅದು ಮೀನುಗಾರನ ಮೇಲಿನ ದ್ವೇಷ ಎಂದು ಗಂಗೊಳ್ಳಿಯಲ್ಲಿ ಯಾರೂ ಹೇಳುವುದಿಲ್ಲ. ಮೀನು ಮರಿ ಮಾಡಲಿ, ಸಮುದ್ರ ಉಳಿಯಲಿ ಎಂದು ಅದು. ಆ ದಿನಗಳಲ್ಲಿ ಬಲೆ ಹೆಣೆಯುತ್ತಾರೆ, ಬೋಟ್ ರಿಪೇರಿ ಮಾಡುತ್ತಾರೆ. ಆಗಸ್ಟ್ ಬಂದಾಗ ಬೋಟು ಇಳಿಯುತ್ತದೆ. ಆಟಗಾರನ ನಿಷೇಧವೂ ಹಾಗೆಯೇ ಕಳೆಯಬೇಕು.

ಅವಧಿ ಮುಗಿಸಿ ಮರಳಿದವನನ್ನು ಹಂಗಿಸಬೇಡಿ. ಮದ್ಯಪಾನ ಮಾಡಿ ಶಿಕ್ಷೆ ಅನುಭವಿಸಿದ ಒಬ್ಬನನ್ನು ಜನ ಶಪಿಸಿದಾಗ, ನಿಮ್ಮ ಸಹೋದರನ ವಿರುದ್ಧ ಶೈತಾನನಿಗೆ ನೆರವಾಗಬೇಡಿ ಎಂದು ಪ್ರವಾದಿ(ಸ) ತಡೆದರು. ತಪ್ಪು ಮಾಡಿದಾಗ ಹೊಗಳುವುದೂ, ಶಿಕ್ಷೆ ಮುಗಿದ ಮೇಲೆ ತೆಗಳುವುದೂ ಎರಡೂ ಒಂದೇ ರೋಗ.

ತಂದೆ ತಾಯಂದಿರೇ, ಮಗ ಆಟದಿಂದ ಬಂದಾಗ ಗೆದ್ದೆಯಾ ಎಂದು ಕೇಳುವುದರ ಜೊತೆ, ಯಾರಿಗಾದರೂ ನೋವಾಯಿತಾ ಎಂದೂ ಕೇಳಿ. ಮಕ್ಕಳೇ, ಗ್ರೂಪಿನಲ್ಲಿ ಬರೆಯುವ ಮೊದಲು ವಿಡಿಯೋ ನೋಡಿ. ನೋಡಿದ ಮೇಲೆ, ಬಿದ್ದವನು ನಮ್ಮ ಅಣ್ಣನಾಗಿದ್ದರೆ ಎಂದು ಒಮ್ಮೆ ಯೋಚಿಸಿ. ನಿಮ್ಮ ಗೆಳೆಯನೇ ತಪ್ಪು ಮಾಡಿದ್ದರೆ ಅವನಿಗೆ ಜೈಕಾರ ಹಾಕಬೇಡಿ. ಅವನ ಜೊತೆ ಆ ಮನೆಯ ತನಕ ನಡೆಯಿರಿ.

ಅಲ್ಲಾಹನೇ, ನಮ್ಮವರು ಎಂಬ ಪ್ರೀತಿಯಿಂದ ಸತ್ಯವನ್ನು ಮುಚ್ಚುವವರ ಸಾಲಿನಲ್ಲಿ ನಮ್ಮನ್ನು ಸೇರಿಸಬೇಡ. ಬೇರೆಯವರು ಎಂಬ ಮುನಿಸಿನಿಂದ ನ್ಯಾಯ ತಪ್ಪುವವರಾಗದಂತೆ ನಮ್ಮನ್ನು ಕಾಪಾಡು. ನಮ್ಮ ಕೈಯಿಂದ, ಕಾಲಿನಿಂದ, ನಾಲಿಗೆಯಿಂದ ನೊಂದವರ ಮುಂದೆ ತಲೆತಗ್ಗಿಸಿ ನಿಲ್ಲುವ ಧೈರ್ಯ ಕೊಡು. ನಮ್ಮ ಮಕ್ಕಳನ್ನು ಸತ್ಯವಂತರನ್ನಾಗಿ ಮಾಡು. ಆಮೀನ್.